48 ಇಂಚಿನ ಶೆಲ್ಫು, ಹಳೇ ಸಿಯರ್ಸ್ ಕ್ಯಾಟಲಾಗು, ಮತ್ತೆ ನನ್ನ ಒಂದು ಎಡವಟ್ಟು

ಪ್ರಾಡಕ್ಟ್ ಡೇಟಾ ಟೀಮಲ್ಲಿ ಕೆಲಸ ಅಂದ್ರೆ ನಮ್ಮೂರಲ್ಲಿ ಯಾರಿಗೂ ಅರ್ಥ ಆಗಲ್ಲ. ಅಮ್ಮ ಇವತ್ತಿಗೂ ಪಕ್ಕದ ಮನೆಯವರಿಗೆ "ಅವನು ಅಮೆರಿಕಾದಲ್ಲಿ ಅಂಗಡಿ ಲೆಕ್ಕ ಬರೀತಾನೆ" ಅಂತಾನೇ ಹೇಳೋದು, ತೀರಾ ತಪ್ಪೇನಲ್ಲ ಬಿಡಿ. ಆನ್‌ಲೈನಲ್ಲಿ ಒಂದು ಸಾಮಾನಿನ ಫೋಟೋ ಕೆಳಗೆ ಉದ್ದ ಇಷ್ಟು, ಅಗಲ ಇಷ್ಟು, ತೂಕ ಇಷ್ಟು, ಯಾವ ಮರ, ಜೊತೆಗೆ ಸ್ಕ್ರೂ ಬರುತ್ತಾ ಇಲ್ವಾ ಅಂತೆಲ್ಲ ಇರುತ್ತಲ್ಲ, ಅದನ್ನ ತುಂಬೋದು, ಸಪ್ಲೈಯರ್ ಕಳಿಸಿದ ಶೀಟು ಸರಿ ಇದ್ಯಾ ಅಂತ ನೋಡೋದು, ಇಷ್ಟೇ ನಮ್ಮ ಕೆಲಸ. ಶಿಕಾಗೋ ಹೊರವಲಯದ ಒಂದು ಕಂಪನಿ, ಹೆಸರು ಬೇಡ.

ಸೇರಿ ನಾಲ್ಕು ತಿಂಗಳಾಗಿತ್ತು. ಗೋಡೆಗೆ ಹಾಕೋ ಶೆಲ್ಫುಗಳ ಒಂದು ಶೀಟ್ ಬಂತು, ಉದ್ದದ ಕಾಲಮ್ಮಲ್ಲಿ 48 ಅಂತಿತ್ತು, ನಮ್ಮ ಟೆಂಪ್ಲೇಟಲ್ಲಿ ಎಲ್ಲಾ ಇಂಚು, ನಾನು ಕಣ್ಣು ಮುಚ್ಕೊಂಡು ಅಪ್ರೂವ್ ಒತ್ತಿದೆ. ಸಪ್ಲೈಯರ್ ಬರೆದಿದ್ದು ಸೆಂಟಿಮೀಟರ್. ನಾಲ್ಕಡಿ ಶೆಲ್ಫ್ ಬರುತ್ತೆ ಅಂತ ಗೋಡೆಗೆ ಡ್ರಿಲ್ ಹೊಡೆದು ಕಾದು ಕೂತವರ ಮನೆಗೆ ಒಂದೂವರೆ ಅಡಿ ಹಲಗೆ ಹೋಯ್ತು. ಒಬ್ರು ಅದರ ಮೇಲೆ ಒಂದೇ ಒಂದು ಕಾಫಿ ಕಪ್ ಇಟ್ಟು ಫೋಟೋ ತೆಗೆದು ರಿವ್ಯೂಗೆ ಹಾಕಿದ್ರು, ಅದನ್ನ ನಮ್ಮ ಮ್ಯಾನೇಜರ್ ಮೀಟಿಂಗಲ್ಲಿ ದೊಡ್ಡ ಸ್ಕ್ರೀನ್ ಮೇಲೆ ತೋರಿಸಿದ್ರು, ಎಲ್ರೂ ನಕ್ರು, ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸಿತು.

ಮೀಟಿಂಗ್ ಮುಗಿದ ಮೇಲೆ ನಮ್ಮ ಟೀಮಿನ ಹಿರಿಯರೊಬ್ಬರು ನನ್ನ ಡೆಸ್ಕಿಗೆ ಬಂದ್ರು. ಅರವತ್ತರ ಹತ್ರ ಇದ್ದ ಹೆಂಗಸು, ಹೆಸರು ಹಿಡಿದು ಕರೀಬೇಕು ಅಂತ ಅವರೇ ಹೇಳಿದ್ರೂ ನನಗೆ ನಾಲಿಗೆ ಹೊರಳೋಕೆ ಒಂದು ವರ್ಷ ಬೇಕಾಯ್ತು, ಇಲ್ಲಿ ಮೇಡಂ ಅಂತಾನೇ ಬರೀತೀನಿ. ಹಿಂದೆ ಸಿಯರ್ಸ್ ಕ್ಯಾಟಲಾಗಿಗೆ, ಅಂದ್ರೆ ಜನ ಮನೇಲಿ ಕೂತು ನೋಡಿ ಅಂಚೇಲಿ ಆರ್ಡರ್ ಮಾಡ್ತಿದ್ದ ಅಮೆರಿಕಾದ ಒಂದು ದೊಡ್ಡ ಅಂಗಡಿ ಕಂಪನಿಯ ಪುಸ್ತಕಕ್ಕೆ, ಸಾಮಾನಿನ ವಿವರ ಬರೀತಿದ್ದವರು. ಬಂದವರೇ ಒಂದು ಕಥೆ ಹೇಳಿದ್ರು. ಸಿಯರ್ಸ್ ಕಂಪನಿ ಹುಟ್ಟಿಸಿದ ರಿಚರ್ಡ್ ಸಿಯರ್ಸ್ ಶುರುವಿನ ದಿನಗಳಲ್ಲಿ ಒಂದು ಸೋಫಾ, ಎರಡು ಕುರ್ಚಿ, ಒಂದು ಡಾಲರಿಗಿಂತ ಕಮ್ಮಿಗೆ ಅಂತ ಜಾಹೀರಾತು ಹಾಕಿದ್ನಂತೆ, ದುಡ್ಡು ಕಳಿಸಿದವರಿಗೆ ಗೊಂಬೆ ಮನೇಲಿಡೋ ಪುಟ್ಟ ಸೋಫಾ ಹೋಯ್ತಂತೆ, ಜಾಹೀರಾತಲ್ಲಿ ಎಲ್ಲೋ ಮೂಲೇಲಿ ಸಣ್ಣಕ್ಷರದಲ್ಲಿ ಮಿನಿಯೇಚರ್ ಅಂತ ಇತ್ತಂತೆ. "ಅವನು ಬೇಕಂತ ಮಾಡಿದ್ದ, ನೀನು ಗೊತ್ತಿಲ್ದೆ ಮಾಡ್ದೆ, ಪಾರ್ಸೆಲ್ ಬಿಚ್ಚಿದವರಿಗೆ ಎರಡೂ ಒಂದೇ" ಅಂದ್ರು. ಮಾರನೇ ದಿನ ಒಂದು ಇಟ್ಟಿಗೆ ದಪ್ಪದ ಪುಸ್ತಕ ತಂದು ಮೇಜಿನ ಮೇಲೆ ಧೊಪ್ಪಂತ ಇಟ್ರು, 1897ರ ಸಿಯರ್ಸ್ ಕ್ಯಾಟಲಾಗಿನ ರೀಪ್ರಿಂಟು, ಏಳುನೂರು ಪುಟಕ್ಕೂ ಮೇಲೆ. ಊಟದ ಟೈಮಲ್ಲಿ ಹತ್ತು ಪುಟ ಓದು ಅಂದ್ರು. ಪನಿಶ್ಮೆಂಟ್ ಅಂದ್ಕೊಂಡೆ.

ಈ ಸಿಯರ್ಸ್ ಮೂಲತಃ ರೈಲ್ವೆ ಸ್ಟೇಷನ್ ಏಜೆಂಟು. 1886ರಲ್ಲಿ ಮಿನೆಸೋಟಾದ ಒಂದು ಸಣ್ಣ ಸ್ಟೇಷನ್ನಲ್ಲಿದ್ದಾಗ ಅಲ್ಲಿನ ಅಂಗಡಿಯವನೊಬ್ಬ ಬೇಡ ಅಂತ ಬಿಟ್ಟ ಗಡಿಯಾರಗಳ ಪಾರ್ಸೆಲ್ಲನ್ನ ತಾನೇ ತಗೊಂಡು ಲೈನಿನ ಬೇರೆ ಏಜೆಂಟರಿಗೆ ಮಾರಿದ, ಲಾಭ ಬಂತು, ಆಮೇಲೆ ವಾಚ್ ರಿಪೇರಿ ಗೊತ್ತಿದ್ದ ರೋಬಕ್ ಜೊತೆ ಸೇರಿದ, 1893ಕ್ಕೆ ಸಿಯರ್ಸ್ ರೋಬಕ್ ಅಂತ ಹೆಸರಾಯ್ತು. ಹೀಗೆ ಅಂಚೇಲಿ ಆರ್ಡರ್ ತಗೊಂಡು ಮಾರೋ ಮೇಲ್ ಆರ್ಡರ್ ವ್ಯಾಪಾರ ಇವರು ಕಂಡುಹಿಡಿದಿದ್ದಲ್ಲ, ಶಿಕಾಗೋದ್ದೇ ಮಾಂಟ್ಗೊಮರಿ ವಾರ್ಡ್ ಕಂಪನಿ 1872ರಿಂದ ಮಾಡ್ತಿತ್ತು. ಅವರ ಕ್ಯಾಟಲಾಗಿಗಿಂತ ಇವರದ್ದು ಅಳತೇಲಿ ಸ್ವಲ್ಪ ಚಿಕ್ಕದು, ಮನೇಲಿ ಪುಸ್ತಕ ಜೋಡಿಸುವಾಗ ಚಿಕ್ಕದು ತಾನಾಗೇ ಮೇಲೆ ಬರುತ್ತೆ ಅಂತ ಲೆಕ್ಕಾಚಾರ! ಇದನ್ನ ಕೇಳಿ ನಾನು ಬಿದ್ದು ಬಿದ್ದು ನಕ್ಕೆ, ನಾವೂ ಸರ್ಚ್ ರಿಸಲ್ಟಲ್ಲಿ ಮೇಲೆ ಬರೋಕೆ ಒದ್ದಾಡ್ತೀವಲ್ಲ, ಅದೇ ಕಥೆ.

ಆದ್ರೆ ಓದ್ತಾ ಓದ್ತಾ ನಗು ನಿಂತಿತು. ಒಲೆ ತಗೊಳ್ಳಿ. ಎಷ್ಟು ಅಗಲ, ಓವನ್ ಒಳಗಡೆ ಅಳತೆ ಎಷ್ಟು, ಅಷ್ಟು ಸಾಲದು ಅಂತ ತೂಕ ಬೇರೆ. ಒಲೆ ಕೊಳ್ಳೋನಿಗೆ ತೂಕ ಯಾಕೆ ಅಂತ ಕೇಳ್ದೆ. ಮೇಡಂ ಅಂದ್ರು, ರೈಲಲ್ಲಿ ಬರೋ ಸಾಮಾನಿನ ಬಾಡಿಗೆ ಕೊಡೋನು ರೈತ, ಅವನು ಆರ್ಡರ್ ಬರೆಯೋಕೆ ಮುಂಚೆ ತನ್ನ ಸ್ಟೇಷನ್ನಿಗೆ ಎಷ್ಟಾಗುತ್ತೆ ಅಂತ ಕೂಡಿಸಿ ನೋಡ್ಬೇಕಲ್ಲ. ಬಟ್ಟೆ ಪುಟಕ್ಕೆ ಹೋದ್ರೆ ಟೇಪನ್ನ ಎದೆ ಸುತ್ತ ಎಲ್ಲಿ ಹಿಡೀಬೇಕು, ಸೊಂಟದ ಅಳತೆ ಹೆಂಗೆ ತಗೋಬೇಕು ಅಂತ ಪಾಠ. ನಿಮಗೆ ಬರೋ ಭಾಷೇಲಿ ಬರೀರಿ, ಅಕ್ಷರ ಕೆಟ್ಟದಾಗಿದ್ರೂ ಪರವಾಗಿಲ್ಲ, ನಾವು ಅರ್ಥ ಮಾಡ್ಕೋತೀವಿ ಅಂತಾನೂ ಆ ಕಾಲದ ಕ್ಯಾಟಲಾಗುಗಳಲ್ಲಿ ಇರ್ತಿತ್ತು. ಜರ್ಮನ್, ಸ್ವೀಡಿಶ್ ಮಾತಾಡೋ ವಲಸೆಯವರು ಹಳ್ಳಿ ತುಂಬಾ ಇದ್ದ ಕಾಲ ಅದು. ಸಾಮಾನು ಇಷ್ಟ ಆಗ್ಲಿಲ್ವಾ, ವಾಪಸ್ ಕಳಿಸಿ, ದುಡ್ಡು ವಾಪಸ್. ಇಲ್ಲಿ ನನಗೆ ನಮ್ಮಪ್ಪ ನೆನಪಾದ್ರು, ವಾರಪತ್ರಿಕೇಲಿ ಜಾಹೀರಾತು ನೋಡಿ ವಿ.ಪಿ.ಪಿ.ಲಿ ಟ್ರಾನ್ಸಿಸ್ಟರ್ ತರಿಸಿದ್ರು, ಪೋಸ್ಟ್‌ಮ್ಯಾನಿಗೆ ದುಡ್ಡು ಕೊಟ್ಟು ಬಿಚ್ಚಿ ನೋಡಿದ್ರೆ ಇಟ್ಟಿಗೆ ಚೂರು. ಆಮೇಲೆ ಸಾಯೋವರೆಗೂ ಕಣ್ಣಲ್ಲಿ ನೋಡ್ದೆ ಒಂದು ಪೆನ್ನೂ ಕೊಳ್ಳಲಿಲ್ಲ ಅವರು.

ನೋಡ್ದೆ ಇರೋ ಅಂಗಡಿಯನ್ನ ಜನ ನಂಬಿದ್ದಕ್ಕೆ ಇನ್ನೊಂದು ಕಾರಣಾನೂ ಇತ್ತು. ಅಮೆರಿಕಾದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನ ಊರ ಅಂಗಡಿಗೆ ಹೋದ್ರೆ ಬಿಳಿಯರೆಲ್ಲ ಮುಗಿಯೋವರೆಗೂ ಕಾಯ್ಬೇಕು, ಅಂಗಡಿಯವನು ಕೊಟ್ಟಿದ್ದು ತಗೋಬೇಕು, ಸಾಲನೂ ಅವನದ್ದೇ. ಕ್ಯಾಟಲಾಗಲ್ಲಿ ಎಲ್ರಿಗೂ ಒಂದೇ ರೇಟು. ಹೊಟ್ಟೆ ಉರ್ಕೊಂಡ ಕೆಲವು ಊರ ಅಂಗಡಿಯವರು ಸಿಯರ್ಸೇ ಕಪ್ಪು ಮನುಷ್ಯ ಅಂತ ಗಾಳಿಸುದ್ದಿ ಹಬ್ಬಿಸಿದ್ರಂತೆ. ಕಂಪನಿಯನ್ನ ದೊಡ್ಡದು ಮಾಡಿದ ಜೂಲಿಯಸ್ ರೋಸನ್ವಾಲ್ಡ್ ಆಮೇಲೆ ತನ್ನ ದುಡ್ಡಲ್ಲಿ ಆ ಕಡೆಯ ಕಪ್ಪು ಮಕ್ಕಳಿಗೆ ಸುಮಾರು 5,000 ಶಾಲೆ ಕಟ್ಟೋಕೆ ನೆರವಾದ, ಅದೇ ಒಂದು ದೊಡ್ಡ ಕಥೆ, ಇನ್ನೊಂದಿನ ಬರೀತೀನಿ.

ನನಗೆ ತಲೆ ತಿರುಗಿದ್ದು ಮನೆ ವಿಷಯಕ್ಕೆ. 1908ರಿಂದ 1940ರವರೆಗೆ ಸಿಯರ್ಸ್ ಕ್ಯಾಟಲಾಗಲ್ಲಿ ಮನೇನೇ ಮಾರ್ತಿದ್ರು, ಎಪ್ಪತ್ತು ಸಾವಿರಕ್ಕೂ ಮೇಲೆ ಮಾರಿದಾರೆ ಅಂತ ಲೆಕ್ಕ. ಬಾಗಿಲು, ಕಿಟಕಿ, ಮೊಳೆ, ಪೇಂಟು ಎಲ್ಲಾ ರೈಲಿನ ಡಬ್ಬೀಲಿ ಬರೋದು, ನೀವು ಪುಸ್ತಕ ನೋಡ್ಕೊಂಡು ಕಟ್ಕೋಬೇಕು. ಇಲ್ಲಿ ಎಲ್ಜಿನ್ ಅನ್ನೋ ಊರಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ, ಮೇಡಂ ಪರಿಚಯದವರದ್ದೂ ಒಂದಿತ್ತು, ಒಂದು ಶನಿವಾರ ಕರ್ಕೊಂಡು ಹೋದ್ರು. ಹೊರಗಡೆಯಿಂದ ಏನೂ ವಿಶೇಷ ಇಲ್ಲ. ಬೇಸ್ಮೆಂಟಿಗೆ ಇಳಿದು ಮೊಬೈಲ್ ಟಾರ್ಚು ಮೇಲೆ ಹಿಡಿದ್ರು, ತೊಲೆಯ ತುದೀಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮೂರಂಕಿ ನಂಬರು, ಸೀಲು ಒತ್ತಿದ ಹಾಗೆ, ಮಾಸಿದ್ರೂ ಓದಬಹುದು. ಪಕ್ಕದ ತೊಲೇಲಿ ಇನ್ನೊಂದು ನಂಬರು. ಹೆಚ್ಚುಕಮ್ಮಿ ನೂರು ವರ್ಷದ ಹಿಂದೆ ಯಾರೋ ನನ್ನಂಥವನೇ ಒಬ್ಬ ಯಾವ ತುಂಡು ಎಲ್ಲಿಗೆ ಅಂತ ಪಟ್ಟಿ ಬರೆದಿದಾನೆ, ಒಂದು ನಂಬರ್ ತಪ್ಪಿದ್ರೆ ಆ ಮನೆ ಗೋಡೆ ನಿಲ್ತಿರ್ಲಿಲ್ಲ. ನಾನು ಒಂದು ಶೆಲ್ಫಿನ ಉದ್ದ ಸರಿಯಾಗಿ ಬರೀಲಿಲ್ಲ. ಅಲ್ಲೇ ನಿಂತು ಆ ನಂಬರನ್ನ ಬೆರಳಲ್ಲಿ ಮುಟ್ಟಿ ನೋಡಿದೆ.

ಅವತ್ತು ವಾಪಸ್ ಬರುವಾಗ ಕಾರಲ್ಲಿ ಕೇಳ್ದೆ, ನೀವು ಹೆಂಗೆ ಬರೀತಿದ್ರಿ ಅಂತ. "ಸಾಮಾನು ನನ್ನ ಮೇಜಿನ ಮೇಲೆ ಬರೋವರೆಗೂ ಒಂದಕ್ಷರ ಬರೀತಿರ್ಲಿಲ್ಲ" ಅಂದ್ರು. ಟೋಸ್ಟರ್ ಆದ್ರೆ ವೈರ್ ಎಳೆದು ಅಳೆಯೋದು, ಕೋಟ್ ಆದ್ರೆ ಜೇಬಿಗೆ ಕೈ ಹಾಕಿ ಎಷ್ಟು ಆಳ ನೋಡೋದು. ಹ್ಯಾಂಡ್‌ಬ್ಯಾಗಲ್ಲಿ ಯಾವಾಗ್ಲೂ ಒಂದು ಟೇಪ್ ಇರೋದು, ಈಗ್ಲೂ ಇದೆ. ನಾವು ದಿನಕ್ಕೆ ನಾನೂರು ಸಾಮಾನು ಅಪ್ರೂವ್ ಮಾಡೋವ್ರು, ಎಲ್ಲಾ ತರಿಸಿ ಅಳೆಯೋಕಾಗಲ್ಲ ನಿಜ. ಆದ್ರೆ ಅವತ್ತಿಂದ ಒಂದು ಅಭ್ಯಾಸ ಮಾಡ್ಕೊಂಡೆ, ಅಳತೆ ಮತ್ತೆ ತೂಕ ಒಂದಕ್ಕೊಂದು ತಾಳೆ ಆಗುತ್ತಾ ನೋಡೋದು. ನಾಲ್ಕಡಿ ಮರದ ಶೆಲ್ಫು ಒಂದು ಕೆ.ಜಿ. ತೂಗೋಕೆ ಸಾಧ್ಯಾನಾ? ನನ್ನ ಆ ಶೀಟಲ್ಲಿ ತೂಕ ಪಕ್ಕದ ಕಾಲಮ್ಮಲ್ಲೇ ಇತ್ತು ಕಣ್ರೀ, ನೋಡಿದ್ರೆ ಸಾಕಿತ್ತು. ಹೊಸಬರು ಬಂದ್ರೆ ನಾನು ಮೊದಲು ತೋರಿಸೋದು ಆ ಕಾಫಿ ಕಪ್ಪಿನ ಫೋಟೋ.

ಇನ್ನೊಂದು ಮಾತು. ನಮ್ಮ ಫೀಲ್ಡಲ್ಲಿ ಯಾವ ಪ್ರೆಸೆಂಟೇಷನ್ ನೋಡಿದ್ರೂ ಸಿಯರ್ಸ್ ಒಂದು ಜೋಕು. ಜನವರಿ 1993ರಲ್ಲಿ ದೊಡ್ಡ ಕ್ಯಾಟಲಾಗ್ ನಿಲ್ಲಿಸ್ತೀವಿ ಅಂದ್ರು, ಮರುವರ್ಷ 1994ರಲ್ಲಿ ಅಮೆಜಾನ್ ಶುರುವಾಯ್ತು, ಹಹಹ, ಮುಂದಿನ ಸ್ಲೈಡು. ಮೇಡಂ ಮುಂದೆ ಯಾರಾದ್ರೂ ಇದನ್ನ ಹೇಳಿದ್ರೆ ಮುಖ ಕೆಂಪಾಗೋದು. ಮುನ್ನೂರು ಕೋಟಿ ಡಾಲರಿಗೂ ಮೇಲೆ ವ್ಯಾಪಾರ ಇದ್ರೂ ಕ್ಯಾಟಲಾಗ್ ನಷ್ಟದಲ್ಲಿತ್ತು, 113 ಅಂಗಡಿ ಮುಚ್ಚೋದು, 50,000 ಕೆಲಸ ಕಡಿತ, ಎಲ್ಲಾ ಒಂದೇ ದಿನ ಘೋಷಣೆ ಆಯ್ತು. ಕಂಪ್ಯೂಟರ್ ಗೊತ್ತಿಲ್ದೆ ಇದ್ದ ಕಂಪನೀನೂ ಅಲ್ಲ, ಐಬಿಎಂ ಜೊತೆ ಸೇರಿ ಪ್ರಾಡಿಜಿ ಅನ್ನೋ ಆನ್‌ಲೈನ್ ಸರ್ವಿಸನ್ನ ಎಂಬತ್ತರ ದಶಕದಲ್ಲೇ ನಡೆಸ್ತಿದ್ರು. 1906ರಲ್ಲಿ ಶಿಕಾಗೋದ ಪಶ್ಚಿಮ ಭಾಗದಲ್ಲಿ ಕಟ್ಟಿದ ಅವರ ಗೋಡೌನಲ್ಲಿ ಪ್ರತಿ ಆರ್ಡರಿಗೂ 15 ನಿಮಿಷದ ಟೈಮ್ ಸ್ಲಾಟು, ಬೇರೆ ಬೇರೆ ಡಿಪಾರ್ಟ್‌ಮೆಂಟಿಂದ ಸಾಮಾನು ಅಷ್ಟರೊಳಗೆ ಒಂದು ಕಡೆ ಸೇರ್ಬೇಕು, ತಡ ಮಾಡಿದ ಡಿಪಾರ್ಟ್‌ಮೆಂಟಿಗೆ ದಂಡ! ಈಗಿನ ವೇರ್‌ಹೌಸ್ ಸಾಫ್ಟ್‌ವೇರ್ ಡೆಮೋ ಕೊಡೋಕೆ ಬಂದವರು ಅದನ್ನೇ ಹೊಸದು ಅಂತ ತೋರಿಸಿದಾಗ ನಾನು ಸುಮ್ಮನೆ ಇರ್ತೀನಿ. ಆ ಗೋಡೌನ್ ಈಗಿಲ್ಲ, ಅದರ 14 ಅಂತಸ್ತಿನ ಟವರ್ ಮಾತ್ರ ನಿಂತಿದೆ. ನನ್ನ ಲೆಕ್ಕದಲ್ಲಿ ಅವರು ಕಳ್ಕೊಂಡಿದ್ದು ಕಾಗದದ ಪುಸ್ತಕ ಅಲ್ಲ, ಜೇಬಿನ ಆಳ ನೋಡಿ ಬರೆಯೋ ಜನರನ್ನ. ಮೇಡಂ ಇದನ್ನೂ ಒಪ್ಪಲ್ಲ, "ನೀನು ರೊಮ್ಯಾಂಟಿಕ್" ಅಂತಾರೆ.

2018ರ ಅಕ್ಟೋಬರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. 2021ರ ನವೆಂಬರಲ್ಲಿ ಶಾಂಬರ್ಗಿನ ವುಡ್‌ಫೀಲ್ಡ್ ಮಾಲ್‌ದು, ಇಲಿನಾಯಿ ರಾಜ್ಯದ ಕೊನೇ ಸಿಯರ್ಸ್ ಅಂಗಡಿ, ಮುಚ್ಚೋಕೆ ಮುಂಚೆ ಮೇಡಂ ಫೋನ್ ಮಾಡಿ ಬಾ ಅಂದ್ರು, ಆಗ್ಲೇ ರಿಟೈರ್ ಆಗಿದ್ರು. ಸಾಮಾನು ಹೆಚ್ಚುಕಮ್ಮಿ ಖಾಲಿ, ಅಂಗಡಿಯ ರ್‍ಯಾಕು, ಗೊಂಬೆ, ಮೇಜುಗಳನ್ನೇ ಮಾರ್ತಿದ್ರು. ಮೂಲೇಲಿ ಒಂದು ಮರದ ಶೆಲ್ಫು, ಅದಕ್ಕೆ ಹಳದಿ ಚೀಟಿ, ಚೀಟೀಲಿ ಮಾರ್ಕರಲ್ಲಿ ಗೀಚಿದ ರೇಟು ಮಾತ್ರ. ಮೇಡಂ ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿದ್ರು, ನನ್ನ ಕಡೆ ನೋಡಿದ್ರು, ಬ್ಯಾಗಿಂದ ಟೇಪ್ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ರು. "ಗಟ್ಟಿಯಾಗಿ ಹಿಡ್ಕೋ. ಇಂಚಲ್ಲಿ ಓದು."