ಲಕೋಟೆಯಲ್ಲಿ ಬಂದ ಸುಲ್ತಾನ

ನನಗೆ ಕೆಲಸ ಒಮಾನಿನ ರಾಜಧಾನಿ ಮಸ್ಕತ್‌ನಲ್ಲಿ. ಈ ಸಲ ರಜೆಗೆ ಕೊಡಗಿನ ಸುಂಟಿಕೊಪ್ಪಕ್ಕೆ ಬಂದಾಗ ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಕೆದಕುತ್ತಿದ್ದೆ. ಪಕ್ಕದ ತೋಟದ ಮಾವ ಬೇಲಿ ಆಚೆಯಿಂದಲೇ ಕೇಳಿದರು, "ಅಲ್ಲ ಕಣೋ, ನಿಮ್ಮ ಮಸ್ಕತ್‌ನಲ್ಲಿ ಪಾರ್ಟಿ ಇಲ್ಲ, ಪ್ರಧಾನಿಗೆ ಓಟಿಲ್ಲ. ರಾಜ ಸತ್ರೆ ಮುಂದೇನು? ಹೆದರಿಕೆ ಆಗಲ್ವಾ?"

ಆಗಿತ್ತು. ಚೆನ್ನಾಗಿಯೇ ಆಗಿತ್ತು.

2020ರ ಜನವರಿ. 3ನೇ ತಾರೀಕು ಅಮೆರಿಕದವರು ಬಾಗ್ದಾದ್‌ನಲ್ಲಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೇಮಾನಿಯನ್ನು ಕೊಂದಿದ್ದರು. 8ಕ್ಕೆ ಇರಾನ್ ತಿರುಗಿ ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳಿಗೆ ಕ್ಷಿಪಣಿ ಬಿಟ್ಟಿತು. ಹೊರ್ಮುಜ್ ಜಲಸಂಧಿಯ ಆ ದಡ ಇರಾನ್, ಈ ದಡ ಒಮಾನ್. ಕುಯ್ಲಿನ ಸಮಯ, ಮನೆಯಲ್ಲಿ ಕೈತುಂಬ ಕೆಲಸ, ಆದರೂ ಅಪ್ಪ ದಿನಾ ರಾತ್ರಿ ಫೋನ್ ಮಾಡಿ "ಮಗಾ, ಸುಮ್ನೆ ಬಂದ್ಬಿಡು" ಅನ್ನುತ್ತಿದ್ದರು. ಅದರ ನಡುವೆ ಒಮಾನಿನ ಸುಲ್ತಾನ್ ಕಾಬೂಸ್ ತೀರಿಕೊಂಡರು. 1970ರಿಂದ, ಅಂದರೆ ಹತ್ತಿರ ಹತ್ತಿರ 50 ವರ್ಷ ಆಳಿದವರು. ಮಕ್ಕಳಿಲ್ಲ. ಯುವರಾಜ ಅಂತ ಯಾರ ಹೆಸರನ್ನೂ ಹೇಳಿರಲಿಲ್ಲ.

11ರ ಬೆಳಿಗ್ಗೆ ಸುದ್ದಿ ಗೊತ್ತಾಯಿತು. ಶನಿವಾರ, ನಮಗೆ ರಜೆ. ಮಸ್ಕತ್‌ನ ರೂವಿ ಬಡಾವಣೆಯ ರೂಮಿನಲ್ಲಿ ಎಲ್ಲರೂ ಫೋನ್ ಹಿಡಿದು ಕೂತಿದ್ದೆವು. ನನಗೆ ಮೊದಲು ನೆನಪಾಗಿದ್ದು ಪಾಸ್‌ಪೋರ್ಟ್. ಅದು ಆಗಿನ ಕಂಪನಿಯ ಬೀರುವಿನಲ್ಲಿತ್ತು, ಬೀಗದ ಕೈ ಇದ್ದವನು ಊರಿಗೆ ಹೋಗಿದ್ದ!

ಒಮಾನಿನ 1996ರ ಮೂಲ ಕಾನೂನಿನ ಪ್ರಕಾರ ಗದ್ದುಗೆ ಖಾಲಿಯಾದರೆ ರಾಜಮನೆತನದವರು ಸೇರಿ ಮೂರು ದಿನದಲ್ಲಿ ಹೊಸಬರನ್ನು ಆರಿಸಬೇಕಿತ್ತು. ಒಮ್ಮತ ಆಗದಿದ್ದರೆ ಸತ್ತ ಸುಲ್ತಾನರು ಬರೆದು ಮುಚ್ಚಿಟ್ಟ ಕಾಗದ ತೆಗೆಯಬೇಕಿತ್ತು. ಮನೆತನದವರು ಮೂರು ದಿನ ಕಾಯಲೇ ಇಲ್ಲ. ಕಾಬೂಸರು ಹೇಳಿದ್ದೇ ಸರಿ ಅಂತ ಸೀದಾ ಲಕೋಟೆ ಒಡೆದರು, ಅದೂ ಟಿವಿಯಲ್ಲಿ. ನಮ್ಮಲ್ಲಿ ಅರಬಿ ಬರುತ್ತಿದ್ದವನು ಒಬ್ಬನೇ, ಕಣ್ಣೂರಿನವನು. ಅವನು "ಹೈತಮ್, ಹೈತಮ್" ಅಂದ. ಹೈತಮ್ ಬಿನ್ ತಾರಿಕ್, ಕಾಬೂಸರ ಚಿಕ್ಕಪ್ಪನ ಮಗ, ಸಂಸ್ಕೃತಿ ಇಲಾಖೆಯ ಮಂತ್ರಿ. ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ ದೇಶಕ್ಕೆ ಹೊಸ ಸುಲ್ತಾನ ಬಂದಾಗಿತ್ತು.

ಸೋಮವಾರ ಅಪ್ಪ ಮಡಿಕೇರಿಯಿಂದ ಫೋನ್ ಮಾಡಿದರು. "ಇಲ್ಲಿ ಬಾವುಟ ಅರ್ಧಕ್ಕೆ ಇಳಿಸಿದ್ದಾರೆ, ನಿಮ್ಮ ಸುಲ್ತಾನನಿಗಂತೆ." ಹೌದು, ಅವತ್ತು ಭಾರತದಲ್ಲೂ ಶೋಕಾಚರಣೆ ಇತ್ತು. ಲಕೋಟೆಯ ಕತೆ ಹೇಳಿದೆ. ಅಪ್ಪನಿಗೆ ತಕ್ಷಣ ಕೊಡಗು ಆಳಿದ ಹಾಲೇರಿ ಅರಸರು ನೆನಪಾದರು. ದೊಡ್ಡವೀರರಾಜೇಂದ್ರನಿಗೂ ಗಂಡುಮಕ್ಕಳಿಲ್ಲ. ನನ್ನ ನಂತರ ಮಗಳು ದೇವಮ್ಮಾಜಿಗೇ ಪಟ್ಟ ಅಂತ ಈಸ್ಟ್ ಇಂಡಿಯಾ ಕಂಪನಿ ಸರ್ಕಾರಕ್ಕೂ ತಿಳಿಸಿದ್ದ. ಟಿಪ್ಪುವಿನ ವಿರುದ್ಧ ಜೊತೆಗಿದ್ದ ದೋಸ್ತಿಗಳಲ್ವಾ, ಮಾತು ಉಳಿಸಿಕೊಳ್ಳುತ್ತಾರೆ ಅಂದುಕೊಂಡಿರಬೇಕು. 1809ರಲ್ಲಿ ಅವನು ಸತ್ತ. ಹುಡುಗಿಯ ಹೆಸರಲ್ಲಿ ಆಡಳಿತ ನೋಡುತ್ತಿದ್ದ ತಮ್ಮ ಲಿಂಗರಾಜ 1811ರಲ್ಲಿ ತಾನೇ ಪಟ್ಟಕ್ಕೆ ಕೂತ. ಕಂಪನಿ ತಡೆಯಲಿಲ್ಲ. ಲಿಂಗರಾಜನ ಮಗ ಚಿಕ್ಕವೀರರಾಜನ ಕಾಲಕ್ಕೆ, 1834ರಲ್ಲಿ, ಅದೇ ಕಂಪನಿ ಕೊಡಗನ್ನೇ ನುಂಗಿತು. "ಕಾಗದ ಯಾರು ಬೇಕಾದ್ರೂ ಬರೀತಾರೆ ಮಗ, ಓದೋರು ಕೇಳ್ಬೇಕಲ್ಲ" ಅಂದರು ಅಪ್ಪ.

ಮಸ್ಕತ್‌ನಲ್ಲಿ ಕೇಳಿದರು. ಅದಕ್ಕೇ ನಮ್ಮಂಥವರ ಅನ್ನ ಉಳಿಯಿತು ಅಂತ ನನ್ನ ಲೆಕ್ಕ. ಒಮಾನ್ ದೊಡ್ಡ ದೇಶವಲ್ಲ. ಅಕ್ಕಪಕ್ಕ ಯಾರು ಜಗಳವಾಡಿದರೂ ಇಬ್ಬರ ಮನೆಗೂ ಹೋಗಿಬರುವುದೇ ಅದರ ಬಂಡವಾಳ. ಯೆಮನ್ ಯುದ್ಧಕ್ಕೆ ಸೌದಿ ಜೊತೆ ಇಳಿಯಲಿಲ್ಲ. 2017ರಲ್ಲಿ ಕತಾರನ್ನು ದೂರ ಇಟ್ಟವರ ಗುಂಪಿಗೆ ಸೇರಲಿಲ್ಲ. ಅಮೆರಿಕ ಮತ್ತು ಇರಾನ್ ಗುಟ್ಟಾಗಿ ಮಾತು ಶುರು ಮಾಡಿದ್ದೂ ಇಲ್ಲೇ. ಇದೆಲ್ಲ ಕಾಬೂಸರ ಸ್ವಂತ ಕೈಗುಣ, ಅವರ ಜೊತೆಗೇ ಹೋಗುತ್ತೆ ಅನ್ನುವವರೇ ಜಾಸ್ತಿ ಇದ್ದರು. ನಾನೂ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಹೈತಮ್ ಮೊದಲ ಭಾಷಣದಲ್ಲೇ ಹಳೇ ದಾರಿ ಬಿಡಲ್ಲ ಅಂದರು. 2023ರಲ್ಲಿ ಟೆಹ್ರಾನಿಗೂ ಹೋದರು, ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿಗೂ ಬಂದರು. 2025ರ ಏಪ್ರಿಲ್‌ನಲ್ಲಿ ಅಮೆರಿಕ, ಇರಾನ್ ಮತ್ತೆ ಮಾತಿಗೆ ಬಂದಿದ್ದು ಮಸ್ಕತ್‌ಗೇ. ನಮ್ಮ ನೌಕಾಪಡೆಯ ಹಡಗುಗಳಿಗೆ ಒಮಾನಿನ ದುಕ್ಮ್ ಬಂದರು ಬಳಸಲು ಕಾಬೂಸರ ಕಾಲದಲ್ಲಿ, 2018ರಲ್ಲಿ, ಆದ ಒಪ್ಪಂದವೂ ಮುಂದುವರಿಯಿತು.

ಬದಲಾಗಿದ್ದು ಮನೆಯೊಳಗೆ. 2021ರ ಏಪ್ರಿಲ್‌ನಿಂದ ಅಂಗಡಿ ಬಿಲ್ಲಿನಲ್ಲಿ ಶೇಕಡಾ 5 ವ್ಯಾಟ್. ಒಮಾನಿಗಳಿಗೇ ಕೆಲಸ ಕೊಡಿ ಅನ್ನುವ ಒತ್ತಡ ಹೆಚ್ಚಾಯಿತು, ನನ್ನ ಗೆಳೆಯರಲ್ಲಿ ಇಬ್ಬರು ವಾಪಸ್ ಬಂದರು. ಒಳ್ಳೆಯದೂ ಆಯಿತು. ಕೆಲಸ ಬದಲಾಯಿಸಲು ಹಳೇ ಮಾಲೀಕರ ಒಪ್ಪಿಗೆ ಪತ್ರಕ್ಕೆ, ಅಂದರೆ ಎನ್‌ಒಸಿಗೆ ಗೋಗರೆಯಬೇಕಿತ್ತಲ್ಲ, 2021ರ ಜನವರಿಯಿಂದ ಅದು ಹೋಯಿತು. ಆ ಬೀಗದ ಕೈಯವನ ಕಂಪನಿ ಬಿಟ್ಟೆ. ಪಾಸ್‌ಪೋರ್ಟ್ ಈಗ ನನ್ನ ಟ್ರಂಕಿನಲ್ಲಿದೆ.

ಹೊಸ ಆಫೀಸಿಗೆ ಸೇರಿದಾಗ ಗೋಡೆಯ ಮೇಲೆ ಹೈತಮರ ಫೋಟೋ ಇತ್ತು. ಹಳೆಯ ಫೋಟೋ ಇದಕ್ಕಿಂತ ದೊಡ್ಡದಿರಬೇಕು, ಚೌಕಟ್ಟಿನ ಸುತ್ತ ಎರಡು ಬೆರಳಷ್ಟು ಗೋಡೆ ಬೆಳ್ಳಗೆ ಉಳಿದಿತ್ತು. ಆ ಹಳೆಯದನ್ನು ಡ್ರೈವರ್ ಕೇಳಿ ಮನೆಗೆ ತೆಗೆದುಕೊಂಡು ಹೋಗಿದ್ದನಂತೆ. ಅವನಿಗೆ ಈಗಲೂ ಅವರು "ಬಾಬಾ ಕಾಬೂಸ್".

ಇಷ್ಟನ್ನೂ ಬೇಲಿ ಹಿಡಿದೇ ಕೇಳಿದ ಮಾವ, "ಹಾಗಾದ್ರೆ ಇವರದ್ದೂ ಲಕೋಟೆಯೇ?" ಅಂದರು. ಇಲ್ಲ, 2021ರಲ್ಲೇ ಕಾನೂನು ಬದಲಾಯಿಸಿದರು, ಇನ್ನು ಮೇಲೆ ಹಿರಿಯ ಮಗನಿಗೆ ಪಟ್ಟ, ತೆಯಾಜಿನ್ ಅಂತ ಯುವರಾಜನೂ ಇದ್ದಾನೆ ಅಂದೆ.

ಮಾವನಿಗೆ ಮೂರು ಗಂಡುಮಕ್ಕಳು. ತೋಟದ ಪಾಲು ಇನ್ನೂ ಆಗಿಲ್ಲ.

"ಲಕೋಟೆಯೇ ವಾಸಿ ಇತ್ತು" ಅಂತ ಗೊಣಗಿ, ಮೋಡ ನೋಡಿ, ಟಾರ್ಪಲ್ ಹುಡುಕಿಕೊಂಡು ಹೋದರು.