ಕನಜಾವದ ಒಂದು ಮನೆ: ಸ್ನಾನದ ಸರದಿ, ಕಸದ ಸರದಿ

ಟೋಕಿಯೊದಿಂದ ಹೊಕುರಿಕು ಶಿಂಕಾನ್‌ಸೆನ್ ರೈಲು ಹತ್ತಿದರೆ ಎರಡೂವರೆ ಗಂಟೆಯೊಳಗೆ ಜಪಾನ್ ಸಮುದ್ರದ ಕಡೆಯ ಕನಜಾವ ತಲುಪಬಹುದು. 2015ರ ಮಾರ್ಚ್‌ನಲ್ಲಿ ಈ ಮಾರ್ಗ ಇಲ್ಲಿಯವರೆಗೆ ಬಂದ ಮೇಲೆ ಪ್ರವಾಸಿಗರ ಸಂಖ್ಯೆ ಏರಿದೆಯಾದರೂ, ಬಹುತೇಕ ಮಂದಿ ಕೆನ್ರೊಕುಎನ್ ಉದ್ಯಾನ, ಒಮಿಚೊ ಮಾರುಕಟ್ಟೆ, ಹಿಗಾಶಿ ಚಾಯಾ ಬೀದಿಯ ಹಳೆಯ ಮರದ ಮನೆಗಳು ಇಷ್ಟನ್ನು ನೋಡಿ, ಒಂದು ರಾತ್ರಿ ಹೋಟೆಲಿನಲ್ಲಿ ಕಳೆದು ಮುಂದಕ್ಕೆ ಹೊರಟುಬಿಡುತ್ತಾರೆ. 2024ರ ನವೆಂಬರ್‌ನಲ್ಲಿ ನಾನು ಹೋದಾಗ ಉಳಿದುಕೊಂಡದ್ದು ಸಾಯ್ ನದಿಯ ಆಚೆಗಿರುವ ತೆರಾಮಾಚಿ ಎಂಬ ದೇವಸ್ಥಾನಗಳ ಬಡಾವಣೆಯ ಒಂದು ಮನೆಯಲ್ಲಿ. ಬೆಂಗಳೂರಿನ ಕಚೇರಿಯಲ್ಲಿ ಕೆಲವು ವರ್ಷ ನಮ್ಮೊಂದಿಗೆ ಕೆಲಸ ಮಾಡಿದ್ದ ಜಪಾನಿ ಗೆಳೆಯನೊಬ್ಬನ ತಂದೆತಾಯಿ ಅಲ್ಲಿ ಇಬ್ಬರೇ ಇದ್ದರು. ಮಗ ಟೋಕಿಯೊದಲ್ಲಿ, ಮಗಳು ನಗೋಯಾದಲ್ಲಿ. ಹೀಗೆ ಮನೆಯಲ್ಲಿ ತಂಗುವ ಅತಿಥಿಗಳು ಮನೆಯೊಡತಿಯನ್ನು ಒಕಾಸಾನ್ (ಅಮ್ಮ) ಎಂದೂ ಯಜಮಾನರನ್ನು ಒತೋಸಾನ್ (ಅಪ್ಪ) ಎಂದೂ ಕರೆಯುವುದು ವಾಡಿಕೆಯಾದ್ದರಿಂದ ನಾನೂ ಹಾಗೆಯೇ ಕರೆದೆ. ನಾನು ಸಂಜೆ ತರಗತಿಯಲ್ಲಿ ಕಲಿತ ಅರೆಬರೆ ಜಪಾನಿ ಭಾಷೆಗೆ ಒಕಾಸಾನರ ಮೊಬೈಲಿನ ಅನುವಾದದ ಆ್ಯಪ್ ಊರುಗೋಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ದೊಡ್ಡ ಬಾಂಬ್ ದಾಳಿಗೆ ಸಿಗದೆ ಉಳಿದ ಊರಾದ್ದರಿಂದ ಕನಜಾವದ ಓಣಿಗಳು ಇಂದಿಗೂ ಕೋಟೆಯ ಕಾಲದ ತಿರುವುಗಳನ್ನು ಇಟ್ಟುಕೊಂಡಿವೆ. ಅಂಥ ಒಂದು ತಿರುವಿನಲ್ಲಿದ್ದ ಈ ಮನೆಯ ಬಾಗಿಲು ತೆರೆದರೆ ಮೊದಲು ಸಿಗುವುದು ಗೆಂಕಾನ್, ಅಂದರೆ ಒಳನೆಲಕ್ಕಿಂತ ಒಂದು ಮೆಟ್ಟಿಲು ಕೆಳಗಿರುವ, ಪಾದರಕ್ಷೆ ಬಿಡುವ ಜಾಗ. ಬಿಟ್ಟ ಪಾದರಕ್ಷೆಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಜೋಡಿಸಿಡಬೇಕು; ಹೊರಡುವಾಗ ಕಾಲು ತೂರಿಸಿ ನಡೆದರಾಯಿತು. ಹಜಾರದಲ್ಲಿ ಮೆತ್ತನೆಯ ಚಪ್ಪಲಿ, ತತಾಮಿ ಚಾಪೆಯ ಕೋಣೆಗೆ ಬರಿಗಾಲು, ಶೌಚಾಲಯದೊಳಗೆ ಮಾತ್ರ ಬಳಸುವ ಬೇರೆಯೇ ಒಂದು ಜೊತೆ. ಶೌಚಾಲಯದ ಚಪ್ಪಲಿಯನ್ನು ಹೊರಬರುವಾಗ ಒಳಮುಖವಾಗಿ ಬಿಡಬೇಕು, ಏಕೆಂದರೆ ಅದನ್ನು ಇನ್ನು ಮೆಟ್ಟುವವರು ಹೊರಗಿನಿಂದ ಬರುತ್ತಾರೆ. ಜಪಾನಿನ ಶಿಷ್ಟಾಚಾರ ಎಂದು ಪ್ರವಾಸಿ ಕೈಪಿಡಿಗಳು ಪಟ್ಟಿ ಮಾಡುವ ನಿಯಮಗಳಲ್ಲಿ ಹಲವು, ಒಂದು ಮನೆಯೊಳಗೆ ನಿಂತು ನೋಡಿದಾಗ, ದೊಡ್ಡ ತತ್ವಗಳಂತೆ ಕಾಣುವುದೇ ಇಲ್ಲ. ನನ್ನ ನಂತರ ಇದೇ ವಸ್ತುವನ್ನು ಮುಟ್ಟುವವರಿಗೆ ಕೆಲಸ ಹಗುರವಾಗಲಿ ಎಂಬ ಸಣ್ಣ ಲೆಕ್ಕಾಚಾರ ಅವುಗಳ ಹಿಂದಿದೆ.

ನವೆಂಬರ್ ಇಲ್ಲಿ ಮಳೆಗಾಲವೋ ಚಳಿಗಾಲವೋ ಹೇಳಲು ಬರುವುದಿಲ್ಲ. ಬೆಳಿಗ್ಗೆ ಬಿಸಿಲು, ಹತ್ತಕ್ಕೆ ಗುಡುಗು, ಮಧ್ಯಾಹ್ನ ಆಲಿಕಲ್ಲು. ಊಟದ ಡಬ್ಬಿ ಮರೆತರೂ ಛತ್ರಿ ಮರೆಯಬೇಡ ಎಂಬ ಗಾದೆಯೇ ಈ ಊರಿನಲ್ಲಿದೆ. ಇಷ್ಟು ಚಳಿಯ ನಾಡಿನಲ್ಲಿ ಮನೆಯನ್ನೆಲ್ಲ ಬೆಚ್ಚಗಿಡುವ ವ್ಯವಸ್ಥೆ ಇರುತ್ತದೆಂದು ಭಾವಿಸಿದರೆ ಅದು ಸುಳ್ಳು. ಹಜಾರ, ಮೆಟ್ಟಿಲು, ಮಲಗುವ ಕೋಣೆ ಎಲ್ಲವೂ ಹೊರಗಿನಷ್ಟೇ ತಣ್ಣಗೆ. ಜನ ಇರುವ ಒಂದು ಕೋಣೆಯಲ್ಲಿ ಸೀಮೆಎಣ್ಣೆಯ ಹೀಟರು, ಕೋಣೆಯ ನಡುವೆ ಕೊತಾತ್ಸು: ತಗ್ಗು ಮೇಜಿನ ತಳಕ್ಕೆ ವಿದ್ಯುತ್ ಕಾವು, ಮೇಲೆ ನೆಲದವರೆಗೆ ಇಳಿಬಿದ್ದ ರಜಾಯಿ, ಅದರೊಳಗೆ ಎಲ್ಲರ ಕಾಲುಗಳು. ಮನೆಗೆ ಕಾವು ಕೊಡುವ ಬದಲು ಮನುಷ್ಯರಿಗಷ್ಟೇ ಕಾವು ಕೊಡುವ ಈ ಏರ್ಪಾಡಿನ ಒಂದು ಪರಿಣಾಮವೆಂದರೆ ಸಂಜೆಯಾದೊಡನೆ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಸೇರಲೇಬೇಕಾಗುತ್ತದೆ. ಪತ್ರಿಕೆ, ಟಿ.ವಿ., ಕಿತ್ತಳೆ ಸುಲಿಯುವುದು, ಮಗನೊಡನೆ ವಿಡಿಯೊ ಕರೆ, ತೂಕಡಿಕೆ ಎಲ್ಲವೂ ಅಲ್ಲಿಯೇ ನಡೆಯುತ್ತವೆ.

ನಾನು ಒಯ್ದಿದ್ದ ಮೈಸೂರು ಪಾಕಿನ ಪೆಟ್ಟಿಗೆಯನ್ನು ಒಕಾಸಾನ್ ಎರಡೂ ಕೈಗಳಲ್ಲಿ ತೆಗೆದುಕೊಂಡು, ಬಿಚ್ಚದೆ, ನೇರವಾಗಿ ಒಳಕೋಣೆಯ ಬುತ್ಸುದಾನ್ ಎಂಬ ಬೌದ್ಧ ಪೂಜಾಪೀಠದ ಮುಂದೆ ಇಟ್ಟು ಸಣ್ಣ ಗಂಟೆ ಬಾರಿಸಿದರು. ಕನಜಾವದ ಬುತ್ಸುದಾನ್ ಎಂದರೆ ಆಳೆತ್ತರದ ಕಪ್ಪು ಅರಗಿನ ಕಪಾಟು. ಎರಡು ಬಾಗಿಲು ತೆರೆದರೆ ಒಳಗೆಲ್ಲ ಚಿನ್ನದ ರೇಕು. ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕಿನಲ್ಲಿ ಹೆಚ್ಚುಕಡಿಮೆ ಪೂರ್ತಿ, ಶೇಕಡಾ 99ರಷ್ಟು, ಈ ಊರಿನದೇ. ಅಮಿದ ಬುದ್ಧನ ಪಟ, ಹಿರಿಯರ ಹೆಸರುಗಳು, ಬೆಳಿಗ್ಗೆ ಬೆಂದ ಅನ್ನದ ಮೊದಲ ಪಾಲು ಅಲ್ಲಿಗೆ. ಬಂದ ಉಡುಗೊರೆಯೂ ಮೊದಲು ಹಿರಿಯರ ಮುಂದೆ, ಆಮೇಲೆ ಮನೆಯವರಿಗೆ. ಮರುದಿನ ಪೆಟ್ಟಿಗೆ ಬಿಚ್ಚಿದಾಗ ಒಕಾಸಾನ್ ಮಾಡಿದ ಮೊದಲ ಕೆಲಸವೆಂದರೆ ಅರ್ಧದಷ್ಟನ್ನು ಸಣ್ಣ ಸಣ್ಣ ಕಾಗದದ ಪೊಟ್ಟಣಗಳಲ್ಲಿ ಹಂಚಿ, ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬಂದದ್ದು. ಸಂಜೆಯ ಹೊತ್ತಿಗೆ ಆ ಮನೆಗಳಿಂದ ಪರ್ಸಿಮನ್ ಹಣ್ಣು, ಮೂಲಂಗಿ, ಉಪ್ಪಿನಲ್ಲಿ ನೆನೆಸಿದ ತರಕಾರಿ ಬಂದವು. ಒತೋಸಾನ್ ತಮ್ಮ ಪಾಲಿನ ತುಂಡನ್ನು ಕಾಗಾ ಬೋಚಾ ಚಹಾದೊಂದಿಗೆ ತಿಂದರು. ಇದು ಎಲೆಯ ಬದಲು ಚಹಾಗಿಡದ ದಂಟನ್ನು ಹುರಿದು ಮಾಡುವ, ಇಲ್ಲಿನ ಮನೆಮನೆಯ ಪೇಯ. ತುಪ್ಪದ ಸಿಹಿಗೆ ಅದು ಇಷ್ಟು ಹೊಂದುತ್ತದೆಂದು ನಾನು ಎಣಿಸಿರಲಿಲ್ಲ.

ಆದರೆ ಈ ಮನೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಸ್ನಾನ. ಸ್ನಾನದ ಕೋಣೆಯ ಅರ್ಧ ಭಾಗ ನೀರು ಹರಿದುಹೋಗುವ ನೆಲ, ಅಲ್ಲಿ ಒಂದು ಗಿಡ್ಡ ಸ್ಟೂಲು, ಬೇಸಿನ್, ಶವರ್. ಇನ್ನರ್ಧ ಆಳವಾದ ತೊಟ್ಟಿ, ಅದರ ಮೇಲೆ ಸುರುಳಿ ಸುತ್ತಿಡಬಹುದಾದ ಮುಚ್ಚಳ. ಅಡುಗೆಮನೆಯ ಗೋಡೆಯಲ್ಲಿರುವ ಗುಂಡಿ ಒತ್ತಿದರೆ ತೊಟ್ಟಿ ತಾನಾಗಿ ತುಂಬಿ, 41 ಡಿಗ್ರಿಗೆ ಕಾದು, ಪುಟ್ಟದೊಂದು ರಾಗ ನುಡಿಸಿ, ನೀರು ಸಿದ್ಧವಾಗಿದೆ ಎಂದು ಹೆಣ್ಣುದನಿಯಲ್ಲಿ ಹೇಳುತ್ತದೆ. ಮೊದಲು ಸ್ಟೂಲಿನ ಮೇಲೆ ಕುಳಿತು ಸೋಪು ಹಚ್ಚಿ, ತಲೆ ತೊಳೆದು, ಒಂದು ಹನಿ ನೊರೆಯೂ ಉಳಿಯದಂತೆ ಮೈ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಮೈ ತೊಳೆಯಲು ಇರುವುದಲ್ಲ, ನೆನೆಯಲು ಇರುವುದು. ಮಲೆನಾಡಿನ ಬಚ್ಚಲಿನಲ್ಲಿ ಹಂಡೆಯ ನೀರನ್ನು ಅವರವರು ತೋಡಿಕೊಂಡು ಮಿಂದು ಬೆಳೆದ ನನಗೆ, ಮನೆಮಂದಿಯೆಲ್ಲ ಒಬ್ಬರ ನಂತರ ಒಬ್ಬರು ಅದೇ ನೀರಿಗೆ ಇಳಿಯುತ್ತಾರೆಂಬುದು ಮೊದಲ ರಾತ್ರಿ ಸ್ವಲ್ಪ ಕಸಿವಿಸಿಯಾಯಿತು. ಇಳಿದ ಮೇಲೆ ತಿಳಿಯಿತು: ನೀರು ಕನ್ನಡಿಯಷ್ಟು ತಿಳಿಯಾಗಿಯೇ ಇರುತ್ತದೆ, ಇರಲೇಬೇಕು, ಏಕೆಂದರೆ ಸರದಿ ಇನ್ನೂ ಮುಗಿದಿಲ್ಲ. ಅತಿಥಿ ಮೊದಲು, ನಂತರ ಒತೋಸಾನ್, ಕೊನೆಗೆ ಒಕಾಸಾನ್. ಹೊರಬರುವಾಗ ತೇಲುವ ಕೂದಲಿದ್ದರೆ ಪುಟ್ಟ ಬಲೆಯಿಂದ ತೆಗೆದು, ಕಾವು ಆರದಂತೆ ಮುಚ್ಚಳ ಹಾಸಬೇಕು. ಅಲ್ಲಿಗೂ ಆ ನೀರಿನ ಕೆಲಸ ಮುಗಿಯುವುದಿಲ್ಲ. ಬೆಳಿಗ್ಗೆ ಒಕಾಸಾನ್ ವಾಷಿಂಗ್ ಮೆಷಿನ್ನಿನ ಸಣ್ಣ ಪಂಪಿನ ಕೊಳವೆಯನ್ನು ತೊಟ್ಟಿಗೆ ಇಳಿಬಿಟ್ಟು, ನಿನ್ನೆಯ ನೀರಿನಲ್ಲಿ ಬಟ್ಟೆ ಒಗೆದು, ಜಾಲಾಡಲು ಮಾತ್ರ ಹೊಸ ನೀರು ಬಿಡುತ್ತಿದ್ದರು.

ಕೊನೆಯ ಸ್ನಾನ ಯಾವಾಗಲೂ ಮನೆಯೊಡತಿಯದೇ ಏಕೆ ಎಂದು ಕೇಳಿದ್ದೆ. ತೊಟ್ಟಿ ಉಜ್ಜುವವಳು ನಾನೇ ಅಲ್ಲವೇ, ಕೊನೆಯವಳಾದರೆ ಅನುಕೂಲ ಎಂದು ಅವರು ನಕ್ಕರು. ಆ ನಗುವನ್ನು ನಾನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಬೆಳಿಗ್ಗೆ ಮೊದಲು ಏಳುವವರೂ ರಾತ್ರಿ ಕೊನೆಗೆ ಮಲಗುವವರೂ ಒಬ್ಬರೇ ಆಗಿರುವ ಮನೆಗಳನ್ನು ನಾನು ನಮ್ಮ ಕಡೆಯೂ ಬೇಕಾದಷ್ಟು ನೋಡಿದ್ದೇನೆ.

ಸಸ್ಯಾಹಾರಿಗೆ ಜಪಾನ್ ಕಷ್ಟ ಎನ್ನುತ್ತಾರೆ, ಅದು ನಿಜ. ತರಕಾರಿಯಷ್ಟೇ ಕಾಣುವ ಸಾರಿನಲ್ಲೂ ಒಣಗಿಸಿ ತುರಿದ ಬೊನಿಟೊ ಮೀನಿನ ಕಷಾಯ ಇರುತ್ತದೆ. ಅದನ್ನು ಮಗನಿಂದ ಮೊದಲೇ ತಿಳಿದಿದ್ದ ಒಕಾಸಾನ್, ಹಿಂದಿನ ರಾತ್ರಿಯೇ ಒಂದು ಗಾಜಿನ ಜಾಡಿಯಲ್ಲಿ ಅಂಗೈಯಗಲದ ಕೊಂಬು ಕಡಲಸಸ್ಯವನ್ನೂ ಎರಡು ಒಣ ಶಿತಾಕೆ ಅಣಬೆಗಳನ್ನೂ ತಣ್ಣೀರಿನಲ್ಲಿ ನೆನೆಹಾಕುತ್ತಿದ್ದರು. ಕೊಂಬುವಿನ ಮೇಲಿನ ಬಿಳಿ ಪುಡಿಯನ್ನು ತೊಳೆಯಬಾರದು, ರುಚಿ ಇರುವುದೇ ಅದರಲ್ಲಿ. ನೀರು ಕುದಿ ಹಿಡಿಯುವ ಮುನ್ನವೇ ಹೊರತೆಗೆಯಬೇಕು, ಇಲ್ಲದಿದ್ದರೆ ಲೋಳೆಯೂ ಒಗರೂ ಇಳಿಯುತ್ತದೆ. ಆ ಹೊಂಬಣ್ಣದ ನೀರಿಗೆ ಹುಳಿಸಿದ ಸೋಯಾ ಮುದ್ದೆಯಾದ ಮಿಸೊ ಕದಡಿದರೆ ಬೆಳಗಿನ ಸಾರು ಸಿದ್ಧ. ಕೊಂಬು ಬೆಳೆಯುವುದು ದೂರದ ಹೊಕ್ಕೈಡೊದ ತಣ್ಣನೆಯ ಕಡಲಿನಲ್ಲಿ. ಎಡೊ ಕಾಲದ ನಡುವಿನಿಂದ ಮೆಯ್ಜಿ ಕಾಲದವರೆಗೆ, ಅಂದರೆ ಸರಿಸುಮಾರು 18ನೆಯ ಶತಮಾನದಿಂದ 19ನೆಯ ಶತಮಾನದ ಕೊನೆಯವರೆಗೆ, ಈ ಕರಾವಳಿಯುದ್ದಕ್ಕೂ ಸರಕು ಕೊಂಡು ಮಾರುತ್ತ ಸಾಗುತ್ತಿದ್ದ ಕಿತಮಾಎಬುನೆ ಹಡಗುಗಳು ಅದನ್ನು ಕನಜಾವ ಇರುವ ಹೊಕುರಿಕು ಪ್ರದೇಶದ ಅಡುಗೆಮನೆಗಳಿಗೆ ತಂದವು. ಊರಿನದೇ ಆದ, ಕಾಗಾ ತರಕಾರಿ ಎಂದು ಮಾನ್ಯತೆ ಪಡೆದ 15 ಬೆಳೆಗಳಲ್ಲಿ ಕಮಲದ ಗಡ್ಡೆಯೂ ಒಂದು. ಅದನ್ನು ನುಣ್ಣಗೆ ತುರಿದು, ಉಂಡೆ ಕಟ್ಟಿ, ಆವಿಯಲ್ಲಿ ಬೇಯಿಸಿ, ಮೇಲೆ ಗಂಜಿಯಂಥ ಬಿಸಿ ರಸ ಸುರಿದು ಕೊಟ್ಟ ರಾತ್ರಿ ನಾನು ಎರಡನೆಯ ಬಾರಿ ಹಾಕಿಸಿಕೊಂಡೆ. ನ್ಯಾಟ್ಟೊ ಎಂಬ ಹುಳಿಸಿದ ಸೋಯಾ ಕಾಳಿನ ಬಗ್ಗೆ ಮಾತ್ರ ನನಗೆ ಸದಭಿಪ್ರಾಯ ಬರಲಿಲ್ಲ.

ಈ ನಾಡಿನಲ್ಲಿ ಸಸ್ಯಾಹಾರಕ್ಕೂ ಒಂದು ಹಬ್ಬವಿದೆ ಎಂಬುದು ನನ್ನ ಅದೃಷ್ಟ. ಜೊದೊ ಶಿನ್ಶು ಬೌದ್ಧ ಪಂಥವನ್ನು ಸ್ಥಾಪಿಸಿದ ಶಿನ್ರಾನ್ ಗುರುವಿನ ಸ್ಮರಣೆಯ ಹೊಓಂಕೊ ಆಚರಣೆಯನ್ನು ಹೊಕುರಿಕುವಿನ ಜನ ಪ್ರೀತಿಯಿಂದ ಹೊಂಕೊಸಾನ್ ಎನ್ನುತ್ತಾರೆ. ಮನೆಗೆ ಅರ್ಚಕರು ಬಂದು ಶೊಶಿಂಗೆ ಎಂಬ ಸ್ತೋತ್ರ ಪಠಿಸಿದರು. ನೆರೆಯ ಮೂರು ಮನೆಯ ಹಿರಿಯರು ಬುತ್ಸುದಾನ್ ಎದುರು ಕುಳಿತು ಬಾಯಿಪಾಠದಿಂದ ದನಿಗೂಡಿಸಿದರು. ಊಟಕ್ಕೆ ಮೀನು, ಮಾಂಸ ಇಲ್ಲ: ಅಜುಕಿ ಕಾಳಿನೊಂದಿಗೆ ಬೆಂದ ಗಡ್ಡೆಗಳು, ಕರಿದ ತೋಫು, ಅಣಬೆ. ಈಗ ಹಲವು ಮನೆಗಳಲ್ಲಿ ಡಬ್ಬಿಯೂಟ ತರಿಸುತ್ತಾರಂತೆ. ಒಕಾಸಾನ್ ಮಾತ್ರ ಆ ದಿನಕ್ಕೆಂದೇ ಕಟ್ಟಿಟ್ಟಿದ್ದ, ಅತ್ತೆಯಿಂದ ಬಂದ ಕೆಂಪು ಅರಗಿನ ಬಟ್ಟಲುಗಳನ್ನು ಹತ್ತಿಬಟ್ಟೆಯಿಂದ ಒಂದೊಂದಾಗಿ ಬಿಚ್ಚಿದರು. ನೋಟೊ ಪರ್ಯಾಯ ದ್ವೀಪದ ವಾಜಿಮಾದಲ್ಲಿ ಮಾಡಿದವು. ಕಡೆದ ಮರದ ಬಟ್ಟಲಿನ ಅಂಚಿಗೂ ತಳಕ್ಕೂ ಬಟ್ಟೆ ಅಂಟಿಸಿ, ಅಲ್ಲಿನದೇ ಮಣ್ಣನ್ನು ಸುಟ್ಟು ಪುಡಿ ಮಾಡಿ ಅರಗಿಗೆ ಬೆರೆಸಿ ಪದರ ಪದರವಾಗಿ ಬಳಿದು, ನೂರಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸುವ ಕಾರಣ, ಕುದಿಯುವ ಸಾರು ತುಂಬಿದರೂ ಕೈಗೆ ಹದವಾದ ಬಿಸಿಯಷ್ಟೇ ತಾಗುತ್ತದೆ.

ವಾಜಿಮಾದ ಹೆಸರು ಬಂದೊಡನೆ ಮಾತು ಅದೇ ವರ್ಷದ ಜನವರಿ 1ಕ್ಕೆ ತಿರುಗಿತು. ಸಂಜೆ 4 ಗಂಟೆ 10 ನಿಮಿಷಕ್ಕೆ, ಹೊಸವರ್ಷದ ಊಟಕ್ಕೆ ಮಕ್ಕಳೆಲ್ಲ ಊರಿಗೆ ಬಂದಿದ್ದ ಹೊತ್ತಿನಲ್ಲಿ, ನೋಟೊದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ವಾಜಿಮಾದ ಹೆಸರಾಂತ ಬೆಳಗಿನ ಸಂತೆಯ ಬೀದಿ ಬೆಂಕಿಗೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಕಟ್ಟಡಗಳು ಉರಿದುಹೋದವು. ಕನಜಾವ ಕೋಟೆಯ ಕಲ್ಲುಗೋಡೆಗಳೂ ಕೆಲವೆಡೆ ಕುಸಿದವು. ಸೆಪ್ಟೆಂಬರ್‌ನಲ್ಲಿ ಅದೇ ನೋಟೊಗೆ ಭಾರೀ ಮಳೆ, ಪ್ರವಾಹ. ಈ ಮನೆಯ ಬೀರುಗಳನ್ನು ಗೋಡೆಗೆ ಬಿಗಿದಿರುವುದನ್ನೂ, ಗೆಂಕಾನ್ ಮೂಲೆಯಲ್ಲಿ ನೀರು, ಔಷಧಿ, ಟಾರ್ಚ್ ತುಂಬಿದ ಚೀಲ ಸದಾ ತಯಾರಿರುವುದನ್ನೂ ಒತೋಸಾನ್ ಆಗಲೇ ತೋರಿಸಿದರು. ನಿಮ್ಮ ಚೀಲ ಇದು ಎಂದು ಮೂರನೆಯದೊಂದನ್ನೂ.

ಒತೋಸಾನರ ದಿನ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರೂವರೆಯ ರೇಡಿಯೊ ವ್ಯಾಯಾಮದಿಂದ. 1928ರಲ್ಲಿ ಆರಂಭವಾದ ಈ ಪ್ರಸಾರದ ಪಿಯಾನೊ ಕೇಳಿದೊಡನೆ ಅವರ ಕೈಗಳು ತಾವಾಗಿ ಮೇಲೇಳುತ್ತಿದ್ದವು. ಆಮೇಲೆ ಹಳದಿ ಬಾವುಟ ಹಿಡಿದು ಓಣಿಯ ತಿರುವಿನಲ್ಲಿ ನಿಂತು, ಸಾಲಾಗಿ ಶಾಲೆಗೆ ನಡೆದುಹೋಗುವ ಮಕ್ಕಳನ್ನು ರಸ್ತೆ ದಾಟಿಸುವುದು. ಕಸದ ದಿನವಾದರೆ ಅದಕ್ಕೂ ಮುಂಚೆ ಕಸ. ಸುಡುವ ಕಸಕ್ಕೆ ವಾರಕ್ಕೆ ಎರಡು ದಿನ, ಉಳಿದವಕ್ಕೆ ಅವುಗಳದೇ ದಿನಗಳು; 2018ರಿಂದ ಸುಡುವ ಕಸವನ್ನು ನಗರಸಭೆ ಗೊತ್ತುಮಾಡಿದ ಚೀಲವನ್ನು ಹಣ ಕೊಟ್ಟು ಕೊಂಡು ಅದರಲ್ಲಿಯೇ ಹಾಕಬೇಕು. ನೀರಿನ ಬಾಟಲಿಯ ಮುಚ್ಚಳ ಬೇರೆ, ಸುತ್ತಿದ ಲೇಬಲ್ ಬೇರೆ, ತೊಳೆದು ಚಪ್ಪಟೆ ಮಾಡಿದ ಬಾಟಲಿ ಬೇರೆ. ಚೀಲಗಳನ್ನು ಓಣಿಯ ಗೊತ್ತಾದ ಜಾಗದಲ್ಲಿಟ್ಟು, ಕಾಗೆ ಕೆದರದಂತೆ ಬಲೆ ಹೊದಿಸಬೇಕು. ಲಾರಿ ಹೋದ ಮೇಲೆ ಬಲೆ ಮಡಚಿ, ನೆಲ ಗುಡಿಸುವುದು ಮನೆಗಳ ಸರದಿಯ ಕೆಲಸ. ನಮ್ಮ ಬೀದಿಗಳ ಬ್ಲ್ಯಾಕ್ ಸ್ಪಾಟ್‌ಗಳ ಬಗ್ಗೆ ಪತ್ರಿಕೆಗೆ ಪತ್ರ ಬರೆದು ದಣಿದಿರುವ ನನಗೆ ಆ ಜಾಗದ ಮುಂದೆ ಒಂದೆರಡು ಫೋಟೊ ತೆಗೆಯದೆ ಇರಲಾಗಲಿಲ್ಲ. ಕೆನ್ರೊಕುಎನ್‌ನಲ್ಲಿ ತೆಗೆದದ್ದಕ್ಕಿಂತ ಅವನ್ನೇ ಊರಿನಲ್ಲಿ ಹೆಚ್ಚು ಜನ ನೋಡಿದರು.

ಕೆನ್ರೊಕುಎನ್‌ಗೂ ಹೋದೆವು. ಇಲ್ಲಿನ ಹಿಮ ಒದ್ದೆ, ಭಾರ. ಕೊಂಬೆ ಮುರಿಯದಂತೆ ಪ್ರತಿವರ್ಷ ನವೆಂಬರ್ 1ರಿಂದ ಮರಗಳಿಗೆ ಹಗ್ಗದ ಕೊಡೆ ಕಟ್ಟಲು ತೊಡಗುತ್ತಾರೆ. ಕೊಳದ ದಂಡೆಯ ಕರಸಾಕಿ ಪೈನ್ ಮರವೊಂದಕ್ಕೇ ಐದು ಕಂಬ, ಸುಮಾರು 800 ಹಗ್ಗ. ಮನೆಗೆ ಬಂದ ಮೇಲೆ ಒತೋಸಾನ್ ತಮ್ಮ ಅಂಗಳದ ಸಣ್ಣ ಪೈನ್ ಮರಕ್ಕೂ ಬಿದಿರಿನ ಗಳು ನಿಲ್ಲಿಸಿದರು. ಹಗ್ಗದ ತುದಿ ಹಿಡಿದು ನಿಲ್ಲುವುದು ನನ್ನ ಕೆಲಸ. ಏಣಿ ಹತ್ತಬೇಡಿ ಎಂದು ಒಕಾಸಾನ್ ಕಿಟಕಿಯಿಂದ ಕೂಗುತ್ತಲೇ ಇದ್ದರು. ಒತೋಸಾನರಿಗೆ ಆಗ ಎಪ್ಪತ್ತೆಂಟು ವಯಸ್ಸು.

ಈ ಸರದಿಗಳೆಲ್ಲ ನಡೆಯುತ್ತಿರುವುದು ಇಂಥ ವಯಸ್ಸಿನವರಿಂದ ಎಂಬುದೇ ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ. ಓಣಿಯಲ್ಲಿ ಬೀಗ ಹಾಕಿದ ಮನೆಗಳಿವೆ. ಇರುವ ಮನೆಗಳಲ್ಲಿ ಎಳೆಯರು ಕಡಿಮೆ. ಕಸದ ಸರದಿ, ಹಿಮದ ಸರದಿ, ಬೀದಿಸಂಘದ ಮುಖಂಡತನ ಸುತ್ತಿ ಸುತ್ತಿ ಅದೇ ಕೆಲವರ ಬಳಿಗೆ ಬೇಗ ಬೇಗ ಬರುತ್ತವೆ. ಮರುವರ್ಷದ ಏಪ್ರಿಲ್‌ನಿಂದ ಗುಂಪಿನ ಮುಖ್ಯಸ್ಥರ ಹೊಣೆ ಒತೋಸಾನರದಾಗಲಿತ್ತು. ಮಾಡುವವರು ಇನ್ಯಾರಿದ್ದಾರೆ ಎಂದು ಅವರು ಗೊಣಗಿದರು. ಆದರೆ ಗೊಣಗುತ್ತಲೇ ಹೊಸ ಫೈಲು ಕೊಂಡು ತಂದಿದ್ದರು.

ಹೊರಡುವ ಹಿಂದಿನ ಸಂಜೆ ಕೈರಾಂಬಾನ್ ಬಂತು. ಬೀದಿಸಂಘದ ಸೂಚನೆಗಳನ್ನು ಕ್ಲಿಪ್ ಹಾಕಿದ, ಮನೆಯಿಂದ ಮನೆಗೆ ಸಾಗುವ ಹಲಗೆ. ಓದಿ, ತಮ್ಮ ಮನೆಯ ಹೆಸರಿನ ಮುಂದೆ ಮುದ್ರೆ ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಈ ಸಲ ಹಿಮ ತೆಗೆಯುವ ವೇಳಾಪಟ್ಟಿ ಇತ್ತು. ಒಕಾಸಾನ್ ಮುದ್ರೆ ಒತ್ತಿ, ನನ್ನನ್ನೂ ಜೊತೆಗೆ ಕರೆದುಕೊಂಡು ಪಕ್ಕದ ಮನೆಗೆ ಹೋದರು. ಎಂಬತ್ತು ದಾಟಿದ ಅಲ್ಲಿನ ಅಜ್ಜಿ ಹಲಗೆಯನ್ನು ತೆಗೆದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಮ ನೋಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಜನವರಿ ಕೊನೆಗೆ ಬಾ, ರಬ್ಬರ್ ಬೂಟು ನಿನ್ನದು, ಸಲಿಕೆ ನಾನು ಕೊಡುತ್ತೇನೆ ಎಂದು, ಪಟ್ಟಿಯಲ್ಲಿ ತಮ್ಮ ಸರದಿಯ ದಿನಾಂಕವನ್ನು ಬೆರಳಿಟ್ಟು ತೋರಿಸಿದರು.