11.6 ಬಂತು ಅಂತ ಚೀಲ ಬಿಚ್ಚಬೇಡಿ

"ಪಂಪ್ ಪ್ರೆಶರ್ ಜಾಸ್ತಿ ಬರ್ತಿದೆ, ಮಡ್ ಸ್ವಲ್ಪ ತೆಳು ಮಾಡಿ." ಆಫೀಸಿನ ಈ ಒಂದು ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಸಿ ರೂಮಲ್ಲಿ ಕೂತು ಹೇಳೋದು ಸುಲಭ ಅಲ್ವಾ?

ಮಡ್ ಅಂದರೆ ತೈಲ-ಗ್ಯಾಸ್ ಬಾವಿ ಕೊರೆಯುವಾಗ ಒಳಗೆ ಪಂಪ್ ಮಾಡುವ ಕೆಸರಿನಂಥ ದ್ರವ. ಕೃಷ್ಣಾ-ಗೋದಾವರಿ ಬೇಸಿನ್ನಿನ ಒಂದು ಓರೆ ಬಾವಿ ಅದು. 55 ಡಿಗ್ರಿ, ಮಡ್ ವೇಯ್ಟ್ ಗ್ಯಾಲನ್ನಿಗೆ 12.5 ಪೌಂಡ್. ಹೇಳಿದ್ದಾರಲ್ಲ ಅಂತ ಥಿನ್ನರ್ ಹಾಕಿದೆವು. ಪ್ರೆಶರ್ ಇಳಿಯಿತು. ಅದರ ಜೊತೆ ಮಡ್ಡಿನ ದಪ್ಪ ಅಳೆಯುವ ವಿಸ್ಕೋಮೀಟರಿನ ನಿಧಾನ ವೇಗದ 6 ಆರ್‌ಪಿಎಂ, 3 ಆರ್‌ಪಿಎಂ ರೀಡಿಂಗೂ ಇಳಿದವು. ರಿಪೋರ್ಟಲ್ಲಿ ಬರೆದೆ. ಯಾರೂ ಓದಲಿಲ್ಲ. ಆಮೇಲೆ ಪೈಪ್ ಎತ್ತಿ ಲಾಗಿಂಗ್, ಅಂದರೆ ಉಪಕರಣ ಇಳಿಸಿ ಕಲ್ಲಿನ ಪದರ ಅಳೆಯುವ ಕೆಲಸ, ಶುರುವಾಯಿತು. ಬಾವಿಯಲ್ಲಿ ಮಡ್ ಅಲ್ಲಾಡದೆ ನಿಂತುಬಿಟ್ಟಿತು.

ಮಡ್ಡಿಗೆ ತೂಕ ಬರಲು ಹಾಕುವ ಖನಿಜದ ಪುಡಿ ಬ್ಯಾರೈಟ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ, ಸ್ಪೆಸಿಫಿಕ್ ಗ್ರ್ಯಾವಿಟಿ 4.2. ಅದನ್ನು ತೇಲಿಸಿ ಹಿಡಿಯುವುದು ಮಡ್ಡಿನ ಜೆಲ್, ಅಂದರೆ ನಿಂತಾಗ ಗಟ್ಟಿಯಾಗುವ ಗುಣ. ಅದು ಸೋತು ಪುಡಿ ತಳ ಸೇರಿದರೆ ಅದೇ ಸ್ಯಾಗ್. ನೆಟ್ಟಗಿನ ಬಾವಿಯಲ್ಲಿ ಪುಡಿ ಬಹಳ ದೂರ ಇಳಿಯಬೇಕು. ಓರೆ ಬಾವಿಯಲ್ಲಿ ಕೆಲವೇ ಇಂಚು ಇಳಿದರೆ ಕೆಳಗಿನ ಗೋಡೆ ಸಿಗುತ್ತದೆ, ಅಲ್ಲಿಂದ ಸರಕ್ಕನೆ ಜಾರುತ್ತದೆ. ಓರೆಯಾಗಿಟ್ಟ ಕೊಳವೆಯಲ್ಲಿ ರಕ್ತಕಣಗಳು ಬೇಗ ತಳ ಸೇರುತ್ತವೆ ಅಂತ ಬಾಯ್ಕಾಟ್ ಎಂಬ ವೈದ್ಯ 1920ರಲ್ಲೇ ಬರೆದಿದ್ದ. ನಮ್ಮ ಆಫೀಸಿಗೆ ಅದಿನ್ನೂ ತಲುಪಿಲ್ಲ.

ಲಾಗಿಂಗ್ ಮುಗಿಸಿ ಪೈಪ್ ಇಳಿಸಿ ಬಾಟಮ್ಸ್ ಅಪ್ (ತಳದ ಮಡ್ ಮೇಲೆ ಬರುವವರೆಗೆ ಪಂಪ್ ಮಾಡುವುದು) ಶುರು ಮಾಡಿದಾಗ ನಾನು ಶೇಕರ್, ಅಂದರೆ ಮಡ್ ಸೋಸುವ ಅಲುಗಾಡುವ ಜಾಲರಿ, ಹತ್ತಿರ ಇದ್ದೆ. ಮಡ್ ತೂಗುವ ತಕ್ಕಡಿ, ಮಡ್ ಬ್ಯಾಲೆನ್ಸಿನ ಕಪ್ ತುಂಬಿಸಿ, ಮುಚ್ಚಳದ ತೂತಿಂದ ಉಕ್ಕಿದ್ದನ್ನು ಒರೆಸಿ, ರೈಡರ್ ಸರಿಸಿದೆ. ಗುಳ್ಳೆ ನಡುವಿಗೆ ಬಂದಾಗ 12.1. ಮತ್ತೆ ತೂಗಿದರೆ 11.8. ಆಮೇಲೆ 11.6. ಬ್ಯಾಲೆನ್ಸೇ ಕೆಟ್ಟಿದೆಯೇನೋ ಅಂತ ನೀರು ತುಂಬಿ ನೋಡಿದೆ. 8.33, ಸರಿಯಾಗಿಯೇ ಇತ್ತು.

ಗ್ಯಾಸ್ ಬಂತು ಅಂದುಕೊಂಡೆ. ಪಂಪ್ ನಿಲ್ಲಿಸಿ, ಬಾವಿ ತಾನಾಗಿ ಹರಿಯುತ್ತಿದೆಯಾ ಅಂತ ಫ್ಲೋ ಚೆಕ್ ಮಾಡಿದರೆ ಬಾವಿ ಸುಮ್ನಿತ್ತು. ಪಿಟ್ (ಮೇಲಿನ ಮಡ್ ಟ್ಯಾಂಕ್) ಲೆವೆಲ್ ಏರಿಲ್ಲ, ಗ್ಯಾಸ್ ರೀಡಿಂಗ್ ಎಂದಿನಷ್ಟೇ. ಅಲ್ಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಾವಿಯ ಕಂಪನಿಯ ಪ್ರತಿನಿಧಿ, ಕಂಪನಿ ಮ್ಯಾನ್, ಬೇರೆ ಪಕ್ಕದಲ್ಲೇ ನಿಂತು "ಏನ್ರೀ, ವೇಯ್ಟ್ ಎಲ್ಲಿ?" ಅಂತ ಕೇಳ್ತಿದ್ದ. ತಲೆಯಲ್ಲಿ ಲೆಕ್ಕ ಓಡಿತು: 11.6ರಿಂದ 12.5ಕ್ಕೆ 100 ಬ್ಯಾರಲ್ಲಿಗೆ 50 ಕೆಜಿಯ 53 ಚೀಲ ಬ್ಯಾರೈಟ್. ಮಡ್ಡಿಗೆ ಪುಡಿ ಸುರಿಯುವ ಹಾಪರ್ ತೆರೆಸಿದೆ. ರಿಗ್ಗಿನ ಕೆಲಸಗಾರ ಡೆರಿಕ್‌ಮ್ಯಾನ್ ಕತ್ತಿ ತಗೊಂಡು ಆಂಧ್ರದ ಬ್ಯಾರೈಟ್ ಗಣಿ ಮಂಗಂಪೇಟೆಯಿಂದ ಬಂದ ಚೀಲಗಳನ್ನು ಸರಸರ ಕೊಯ್ಯತೊಡಗಿದ.

ಅಷ್ಟರಲ್ಲಿ ರಾತ್ರಿ ಪಾಳಿಯ ಹುಬ್ಬಳ್ಳಿಯ ಸೀನಿಯರ್ ಕಣ್ಣುಜ್ಜಿಕೊಂಡು ಬಂದರು. ನಂಬರ್ ಕೇಳಿ, "ಲೇ ತಮ್ಮಾ, ಒಂದು ಚೀಲಾನೂ ಹಾಕಬ್ಯಾಡ. ಭಾರದ್ದು ಹಿಂದ ಬರಾಕತ್ತೈತಿ" ಅಂದರು.

"ಸಾರ್, ವೇಯ್ಟ್ ಇನ್ನೂ ಬಿದ್ರೆ?"

"ಪಿಟ್ ನೋಡ್ಕೋತ ನಿಂದ್ರು."

ನಿಂತೆ. ಹಾಪರ್ ಮುಚ್ಚಿಸಿದಾಗ ಕಂಪನಿ ಮ್ಯಾನ್ ನೋಡಿದ ನೋಟ ಇನ್ನೂ ನೆನಪಿದೆ. ಶೇಕರಿನ ಮೇಲೆ ಮಡ್ ನಿಧಾನಕ್ಕೆ ದಪ್ಪ ಆಯಿತು, ಜಾಲರಿಯಿಂದ ಇಳಿಯದೆ ಅಂಚಿನವರೆಗೆ ಬಂದು ಚೆಲ್ಲತೊಡಗಿತು. ತೂಗಿದೆ. 13.7. ತಳ ಸೇರಿದ್ದ ಬ್ಯಾರೈಟೇ ಹಗುರ ಮಡ್ಡಿನ ಹಿಂದೆ ಬಂದಿತ್ತು.

53 ಚೀಲದ ಲೆಕ್ಕದಂತೆ ಹಾಕುತ್ತಾ ಹೋಗಿದ್ದರೆ, ಕೆಳಗೆ ಹೋಗುವುದೂ ಭಾರ, ಮೇಲೆ ಬರುವುದೂ ಭಾರ. ಬಾವಿಗೆ ಇಳಿಸಿದ ಉಕ್ಕಿನ ಕೊಳವೆಯ ತುದಿ, ಕೇಸಿಂಗ್ ಶೂ, ಹತ್ತಿರ ಕಲ್ಲು ಬಿರಿದು ಮಡ್ಡೆಲ್ಲ ಅದರೊಳಗೆ ಹೋಗುತ್ತಿತ್ತು. ಆಗಲೇ ಬಿದ್ದಿದ್ದ ಚೀಲಗಳಿಂದ ಸಿಸ್ಟಮ್ ಕೊನೆಗೆ 12.7ಕ್ಕೆ ನಿಂತಿತು. ನೀರು ಬಿಟ್ಟು ಇಳಿಸಿಕೊಂಡೆವು. ಕಂಪನಿ ಮ್ಯಾನ್ "ನೀರು ಫ್ರೀ ತಾನೆ?" ಅಂದ. ನಾನು ನಕ್ಕೆ, ಒಳಗೇ ಬೈದುಕೊಂಡೆ.

ಈಗ ಓರೆ ಬಾವಿಯಲ್ಲಿ 6 ಆರ್‌ಪಿಎಂ ಬಿದ್ದರೆ ಮಡ್ ದಪ್ಪ ಮಾಡುವ ಬಯೋಪಾಲಿಮರ್ ಹಾಕಿಯೇ ಮುಂದಿನ ಮಾತು. ಹಗುರ ಬಂದರೆ ಮೊದಲು ಪಿಟ್ ನೋಡುತ್ತೇನೆ, ಇಡೀ ಸರ್ಕ್ಯುಲೇಷನ್ ಮುಗಿಯುವವರೆಗೆ ಹಾಪರ್ ಮುಟ್ಟಲ್ಲ. ಸ್ಯಾಗ್ ಟೆಸ್ಟಿಗೆ ವಿಸ್ಕೋಮೀಟರ್ ಕಪ್ಪಿನೊಳಗೆ ಇಡುವ ಸಣ್ಣ ಶೂ ಒಂದು ಬೇಕು ಅಂತ ಇಂಡೆಂಟ್ ಹಾಕಿದ್ದೆ. ಬಜೆಟ್ ಇಲ್ಲವಂತೆ. ಪಂಪ್ ಪ್ರೆಶರ್ ಇಳಿಸಿ ಅನ್ನೋ ಮೇಲ್ ಮಾತ್ರ ತಪ್ಪದೆ ಬರುತ್ತದೆ.